ಸತ್ತು ಬಂದ ಕಾಕಾನಿಗೆ ಸಜ್ಜಕ

ತುಪ್ಪದಲ್ಲಿ ಗೋಧಿ ರವೆ ಹುರಿಯುವಾಗ ಹಸಿ ವಾಸನೆ ಹೋಗಿ, ಇನ್ನೂ ಕೆಂಪಗಾಗದ ಒಂದು ಗಳಿಗೆ ಇರುತ್ತದೆ. ಆಗ ಏಳುವ ಘಮ ಒಲೆಯ ಹತ್ತಿರ ನಿಲ್ಲುವುದಿಲ್ಲ, ನೇರವಾಗಿ ತಲಬಾಗಿಲಿಗೆ ಹೋಗುತ್ತದೆ. ಕಳೆದ ಭಾನುವಾರ ಮಧ್ಯಾಹ್ನ ಬಾಗಲಕೋಟೆಯ ನನ್ನ ಅಡುಗೆಮನೆಯಿಂದ ಅದು ಹಾಗೇ ಹೋಯಿತು. ಹಬ್ಬವಿರಲಿಲ್ಲ, ಬೀಗರು ಬರುವವರಿರಲಿಲ್ಲ. ರೇಡಿಯೋದವರು ಹಳೆಯ ನಾಟಕವೊಂದನ್ನು ಮತ್ತೆ ಹಾಕುತ್ತೇವೆ ಎಂದಿದ್ದರು, ಅದರಲ್ಲಿ ನಮ್ಮ ಮಾಂತೇಶ ಕಾಕಾ ಸಾಯುವವನಿದ್ದ. ಕಾಕಾ ಖರೆಯಾಗಿಯೇ ತೀರಿಕೊಂಡು ಎರಡು ವರ್ಷವಾಯಿತು. ಆದರೂ ನನ್ನ ಕೈ ತಾನಾಗಿ ರವೆಯ ಡಬ್ಬಿಗೆ ಹೋಗಿತ್ತು. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಇದ್ದೀತು, ಅದು ಬಂದರೆ ಯಾರೋ ಒಬ್ಬರು ಒಳಗೆ ಬಂದೇ ಬರಬೇಕು ಅನ್ನಿಸುವಂಥದ್ದು.

ಕಾಕಾ ನನ್ನ ಅಪ್ಪನ ತಮ್ಮ. ಇಳಕಲ್ಲಿನಲ್ಲಿ ನಮ್ಮದು ನೇಕಾರರ ಮನೆ. ಹೊರಗಿನ ಕೋಣೆಯಲ್ಲಿ ಮಗ್ಗದ ಕುಣಿಗೆ ಕಾಲಿಳಿಬಿಟ್ಟು ಅಪ್ಪ ಸೀರೆ ನೇಯುತ್ತಿದ್ದ, ಪಡಸಾಲೆಯಲ್ಲಿ ರಾಟೆಯ ಮುಂದೆ ಕುಳಿತು ನನ್ನ ಆಯಿ, ಎಂದರೆ ಅಪ್ಪನ ತಾಯಿ, ನೂಲು ಸುತ್ತುತ್ತಿದ್ದಳು. ಕಾಕಾನನ್ನೂ ಮಗ್ಗಕ್ಕೆ ಕೂರಿಸಲು ನೋಡಿದರಂತೆ. ಅವನು ನೇಯುತ್ತಲೇ ರಾಜನ ಮಾತು, ಮಂತ್ರಿಯ ಮಾತು ಎರಡನ್ನೂ ಒಬ್ಬನೇ ಆಡುತ್ತ ಎಳೆ ಹರಿದುಕೊಳ್ಳುತ್ತಿದ್ದನಂತೆ. ಕಡೆಗೆ ಒಂದು ನಾಟಕ ಕಂಪನಿ ಸೇರಿದ. ಕಂಪನಿಯಿಂದ ಧಾರವಾಡದ ರೇಡಿಯೋಕ್ಕೆ, ರೇಡಿಯೋದಿಂದ ಸಿನಿಮಾಕ್ಕೆ, ಸಿನಿಮಾದಿಂದ ಟಿವಿಗೆ ಹೋದ. ಹೇಳುವಾಗ ದೊಡ್ಡ ನಟನ ಬಾಳಿನಂತೆ ಕೇಳಿಸುತ್ತದೆ. ಆದರೆ ನಮ್ಮ ಕಾಕಾನ ಒಣಕಲು ಮೈಯಲ್ಲಿ, ದೊಡ್ಡ ಕಣ್ಣುಗಳಲ್ಲಿ ಎಲ್ಲರಿಗೂ ಕಂಡದ್ದು ಒಂದೇ: ಇವನು ಛಂದಾಗಿ ಸಾಯಬಲ್ಲ. ಕತ್ತಿಯಿಂದ ಸತ್ತ, ವಿಷ ಕುಡಿದು ಸತ್ತ, ಹಾವು ಕಡಿಸಿಕೊಂಡು ಸತ್ತ. ಕಥೆಯ ಕೊನೆಯತನಕ ಬದುಕುವ ಪಾತ್ರವನ್ನು ಅವನಿಗೆ ಯಾರೂ ಕೊಡಲಿಲ್ಲ.

ಮೊದಲ ಸಾವು ಹುನಗುಂದದಲ್ಲಿ ಆಯಿತು. ಮಗನ ನಾಟಕವೆಂದು ಸಂಭ್ರಮದಿಂದ ಹೋಗಿದ್ದ ಆಯಿ, ಅವನು ಕತ್ತಿಯೇಟಿಗೆ ಬಿದ್ದದ್ದೇ ತಡ, ಚೀರಿಕೊಂಡು ರಂಗದ ಮೇಲೆ ಏರಿಬಿಟ್ಟಳಂತೆ. ಸತ್ತ ಕಾಕಾ ಕಣ್ಣು ಬಿಡದೆ, 'ಬದುಕೇನಿ ಬೇ ಅವ್ವಾ, ಕೆಳಗಿಳಿ' ಎಂದು ಪಿಸುಗುಟ್ಟಿದ್ದು ಮೊದಲ ಸಾಲಿನವರಿಗೂ ಕೇಳಿಸಿ ದುಃಖದ ನಾಟಕದಲ್ಲಿ ಜನ ಬಿದ್ದು ಬಿದ್ದು ನಕ್ಕರಂತೆ. ಆಯಿಗೆ ಅದರಿಂದ ಸಮಾಧಾನವಾಗಲಿಲ್ಲ. ಮನೆಗೆ ಕರೆತಂದು, ತುಪ್ಪದಲ್ಲಿ ರವೆ ಹುರಿದು ಬೆಲ್ಲ ಹಾಕಿ ಸಜ್ಜಕ ಮಾಡಿ ತಾನೇ ತುತ್ತು ಹಿಡಿದಳು. 'ಸತ್ತಾವ ಹೆಂಗ ಉಣ್ತಾನ? ಉಣ್ಣು, ನಾ ನೋಡ್ತೇನಿ' ಎಂದಳು. ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಎಲ್ಲೇ ಸಾಯಲಿ, ಕಾಕಾ ಸೀದಾ ಇಳಕಲ್ಲಿಗೆ ಬರಬೇಕು, ತಲಬಾಗಿಲಲ್ಲಿ ನಿಂತು 'ಅವ್ವಾ, ಸತ್ತು ಬಂದೇನ್ ಬೇ!' ಎಂದು ಕೂಗಬೇಕು, ಅವಳ ಕೈತುತ್ತು ಉಣ್ಣಬೇಕು. ಅಲ್ಲಿಯವರೆಗೆ ಆಯಿಯ ಲೆಕ್ಕದಲ್ಲಿ ಅವನು ಇನ್ನೂ ಪೂರ್ತಿ ಬದುಕಿದವನಲ್ಲ.

ಬಾದಾಮಿಯಲ್ಲಿ ಸಿನಿಮಾ ತೆಗೆಯುವಾಗ ನಾವೆಲ್ಲ ಬುತ್ತಿ ಕಟ್ಟಿಕೊಂಡು ನೋಡಲು ಹೋಗಿದ್ದೆವು. ಕೆಂಪು ಬಂಡೆಯ ಮೇಲಿಂದ ಕಾಕಾ ಹುಲ್ಲಿನ ರಾಶಿಯ ಮೇಲೆ ಬೀಳಬೇಕಾಗಿತ್ತು. ನಿರ್ದೇಶಕರಿಗೆ ಸರಿಬರದೆ ಏಳು ಸಲ ಬೀಳಿಸಿದರು. ಏಳು ಸಲವೂ ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಜ್ಜಕದ ಡಬ್ಬಿ ಹಿಡಿದು, ಕ್ಯಾಮೆರಾದ ಮುಂದೆಯೇ ಹಾದುಹೋಗಿ ಒಂದೊಂದು ತುತ್ತು ಉಣಿಸಿ ಬಂದಳು. ಕೊನೆಗೆ ನಿರ್ದೇಶಕರು ಸಿಟ್ಟಿನಿಂದ ಏನೋ ಅನ್ನಲು ಬಂದಾಗ ಅವರ ಬಾಯಿಗೂ ಒಂದು ತುತ್ತು ಇಟ್ಟಳು. ಅವರು ಅಗಿಯುತ್ತಲೇ ಎಂಟನೆಯ ಸಲ ಬೇಡ ಅಂದುಬಿಟ್ಟರು. ರೇಡಿಯೋ ನಾಟಕದ ಗಮ್ಮತ್ತೇ ಬೇರೆ. ಅದನ್ನು ಮೊದಲೇ ಧ್ವನಿ ಮುದ್ರಿಸಿಕೊಂಡಿರುತ್ತಿದ್ದುದರಿಂದ ಕಾಕಾ ನಮ್ಮ ಜೊತೆಗೇ ಕುಳಿತು ತನ್ನ ಸಾವನ್ನು ಕೇಳುತ್ತಿದ್ದ. ಅಪ್ಪ ಮಗ್ಗ ನಿಲ್ಲಿಸುತ್ತಿದ್ದ. ಅದನ್ನು ಕೇಳಿ ಪಕ್ಕದ ಮನೆಯ ಮಗ್ಗ, ಅದರ ಪಕ್ಕದ್ದು, ಹೀಗೆ ಇಡೀ ಓಣಿ ಸುಮ್ಮನಾಗುತ್ತಿತ್ತು. ಪೆಟ್ಟಿಗೆಯೊಳಗೆ ಕಾಕಾ ನರಳುವಾಗ ಆಯಿ ಪಕ್ಕದಲ್ಲಿದ್ದ ಕಾಕಾನ ಕೈ ಗಟ್ಟಿಯಾಗಿ ಹಿಡಿದು, ರೇಡಿಯೋ ನೋಡುತ್ತ ಗಳಗಳ ಅಳುತ್ತಿದ್ದಳು. ನಮಗೆ ನಗು ತಡೆಯುವುದೇ ದೊಡ್ಡ ಕೆಲಸ.

ನನಗೆ ಹದಿಮೂರು ವರ್ಷವಾಗಿದ್ದಾಗ ಅವನಿಗೆ ಟಿವಿ ಧಾರಾವಾಹಿಯಲ್ಲಿ ಮಾಸ್ತರನ ಪಾತ್ರ ಬಂತು. ಹದಿಮೂರು ವಾರದ ಕಥೆಯಲ್ಲಿ ಹನ್ನೆರಡು ವಾರ ಬದುಕಿರುವ ಪಾತ್ರ. ಕೊನೆಯ ವಾರ ಸಾಯಬೇಕು, ಆದರೆ ಕತ್ತಿಯಿಲ್ಲ, ಚೀರಾಟವಿಲ್ಲ. ಹೊರಸಿನ ಮೇಲೆ ಮಲಗಿ ಮಾತಿಲ್ಲದೆ, ಕಣ್ಣಲ್ಲೇ ಐದು ನಿಮಿಷ. ಇಷ್ಟು ವರ್ಷ ಗಡಿಬಿಡಿಯಲ್ಲಿ ಸತ್ತವನಿಗೆ ಮೊದಲ ಸಲ ಪುರಸೊತ್ತಿನ ಸಾವು ಸಿಕ್ಕಿತ್ತು. ಹನ್ನೆರಡು ವಾರದ್ದು ಮುಗಿಸಿ ಊರಿಗೆ ಬಂದು ನೋಡಿದರೆ ಆಯಿ ಹಾಸಿಗೆ ಹಿಡಿದಿದ್ದಳು. ಕಾಕಾ ಅವಳ ಕಾಲ ಬಳಿ ಕುಳಿತು, ಕೊನೆಯದಕ್ಕೆ ಬರುವುದಿಲ್ಲವೆಂದು ಬೆಂಗಳೂರಿಗೆ ಕಾಗದ ಬರೆಯತೊಡಗಿದ.

'ಏನ್ ಬರ್ಯಾಕತ್ತಿ ಮಾಂತ್ಯಾ?' ಆಯಿ ಕೇಳಿದಳು.

'ನಾ ಒಲ್ಲೆ ಅಂತ ಬರ್ಯಾಕತ್ತೇನಿ. ನೀ ಹಿಂಗ ಮಲಗಿದಾಗ ನಾ ಅಲ್ಲಿ ಹೋಗಿ ಸಾಯಲೇನ ಬೇ?'

ಆಯಿಗೆ ಸಿಟ್ಟು ಬಂತು. 'ನೀ ಸಾಯಬಾರದಂತ ನಾ ಸಜ್ಜಕ ಮಾಡಿದ್ನೇನ? ನೀ ಛಂದಂಗ ಸತ್ತು, ಮತ್ತ ಮನಿಗೆ ಬರಬೇಕಂತ ಮಾಡಿದೆ. ಹೋಗು. ಹೋಗಿ ಸಾಯಿ. ಬರೂದ್ರಾಗ ಸಜ್ಜಕ ಆಗಿರ್ತೈತಿ.' ಆಮೇಲೆ ನನ್ನ ಕಡೆ ತಿರುಗಿ, 'ಯವ್ವಾ, ಒಲಿ ಹಚ್ಚು' ಅಂದಳು.

ಕಾಕಾ ಹೋದ. ನಾನು ಆ ವಾರವಿಡೀ ಸಜ್ಜಕ ಕಲಿತೆ. ಆಯಿ ಹಾಸಿಗೆಯಿಂದ ಏಳಲಾರಳು, ಹಾಗಾಗಿ ಮೂಗಿನಿಂದಲೇ ಕಲಿಸಿದಳು. 'ಇನ್ನೂ ಹಸಿ ಐತಿ, ಕೈ ಬಿಡಬ್ಯಾಡ' ಎಂದು ಪಡಸಾಲೆಯಿಂದ ಕೂಗುತ್ತಿದ್ದಳು. ಎರಡು ಸಲ ಸೀಯಿಸಿದೆ, ಒಂದು ಸಲ ಗಂಟು ಮಾಡಿದೆ. ನಾಲ್ಕನೆಯ ಸಲ ಪಡಸಾಲೆಯಿಂದ ಯಾವ ಕೂಗೂ ಬರಲಿಲ್ಲವೆಂದು ಗಾಬರಿಯಾಗಿ ಓಡಿದೆ. ಆಯಿ ಕಣ್ಣು ಮುಚ್ಚಿ ನಗುತ್ತಿದ್ದಳು. 'ಈಗ ಬೆಲ್ಲ ಹಾಕು' ಅಂದಳು. ಮರುದಿನ ಬೆಳಿಗ್ಗೆ ತೀರಿಕೊಂಡಳು.

ಅಪ್ಪ ಕಳಿಸಿದ ತಂತಿ ಮುಟ್ಟುವ ಮೊದಲೇ ಕಾಕಾ ಬೆಂಗಳೂರು ಬಿಟ್ಟಿದ್ದ. ತಂತಿ ನೋಡಿ ಬರುತ್ತಾನೆಂದು ಮರುದಿನ ಮಧ್ಯಾಹ್ನದವರೆಗೆ ಕಾದು ಮಣ್ಣು ಮಾಡಿ ಬಂದಿದ್ದೆವು. ಅವನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಅಂದು ಅಮಾವಾಸ್ಯೆ, ನೇಕಾರರಿಗೆ ಬಿಡುವಿನ ದಿನ, ಆದ್ದರಿಂದ ಓಣಿಯ ಮಗ್ಗಗಳು ನಿಂತದ್ದರಲ್ಲಿ ಅವನಿಗೆ ವಿಶೇಷವೇನೂ ಕಾಣಲಿಲ್ಲ. ಹೊತ್ತು ಮುಳುಗುವಾಗ ತಲಬಾಗಿಲಲ್ಲಿ ಅವನ ತುಂಬು ದನಿ ಕೇಳಿತು: 'ಅವ್ವಾ, ಸತ್ತು ಬಂದೇನ್ ಬೇ!'

ಆ ದನಿಯಲ್ಲಿದ್ದ ಖುಷಿಯನ್ನು ನೆನೆದರೆ ಈಗಲೂ ನನ್ನ ಎದೆ ಒಡೆಯುತ್ತದೆ. ಅವನು ಆ ಐದು ನಿಮಿಷ ಬಹಳ ಚೆನ್ನಾಗಿ ಸತ್ತು ಬಂದಿದ್ದ, ಅದನ್ನು ಅವಳಿಗೆ ಹೇಳಬೇಕಾಗಿತ್ತು. ಒಳಗೆ ಬಂದು ನಮ್ಮ ಮುಖಗಳನ್ನು, ಖಾಲಿ ಹೊರಸನ್ನು ನೋಡಿ ರಾಟೆಯ ಪಕ್ಕದಲ್ಲಿ ಕುಸಿದ. ಅಳಲೂ ಇಲ್ಲ. ನಾನು ಎದ್ದು ಹೋಗಿ ಒಲೆ ಹಚ್ಚಿದೆ. ಘಮ ಹೊರಗೆ ಬಂದದ್ದೇ, ಅಪ್ಪನ ಸೋದರತ್ತೆ ಗೌರಮ್ಮ ಎದೆ ಬಡಿದುಕೊಂಡಳು. 'ಹೆಣಾ ಹೋದ ಮನ್ಯಾಗ ಸಿಹಿ ಮಾಡ್ತಾರೇನ?' ಎಂದಳು. ಅಪ್ಪ ತಲೆ ಎತ್ತದೆ, 'ಮಾಡ್ಲಿ ಬಿಡು. ಅವ್ವನೇ ಹೇಳಿ ಹೋಗ್ಯಾಳ' ಅಂದ. ನಾನು ತಾಟು ತಂದು ಕಾಕಾನ ಮುಂದೆ ಕುಳಿತು ತುತ್ತು ಹಿಡಿದೆ. ಅವನು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದ. ಆಮೇಲೆ ಬಾಯಿ ತೆರೆದ. ನುಂಗಿದ ಮೇಲೆ ಅಳತೊಡಗಿದ.

ಆಮೇಲೂ ಕಾಕಾ ಬಹಳ ವರ್ಷ ಸತ್ತ. ನಾನು ಮದುವೆಯಾಗಿ ಬಾಗಲಕೋಟೆಗೆ ಬಂದ ಮೇಲೆ ಅವನ ಬಸ್ಸು ಇಲ್ಲಿಗೇ ಬರತೊಡಗಿತು. ತಲೆ ನರೆತ ಮೇಲೂ ಬಾಗಿಲಲ್ಲಿ ಚೀಲ ಇಳಿಸಿ, 'ಸತ್ತು ಬಂದೇನ್ ಬೇ ಯವ್ವಾ' ಎಂದು ಕೂಗುತ್ತಿದ್ದ, ಆಚೀಚೆ ಮನೆಯವರು ಇಣುಕಿ ನಗುತ್ತಿದ್ದರು. ಈಗ ಇಳಕಲ್ಲಿನ ಆ ಮನೆಯಿಲ್ಲ, ಮಗ್ಗದ ಕುಣಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದ್ದಾರೆ. ಕಳೆದ ಭಾನುವಾರ ನಾಟಕ ಮುಗಿಯಿತು. ಕಾಕಾ ಮೊದಲಿನಷ್ಟೇ ಛಂದಾಗಿ ಸತ್ತ. ಹಿಂದೆ ನಗು ತಡೆಯುತ್ತಿದ್ದ ನಾನು ಈಗ ಆಯಿಯ ಹಾಗೆಯೇ ರೇಡಿಯೋ ನೋಡುತ್ತ ಅತ್ತೆ, ಹಿಡಿದುಕೊಳ್ಳಲು ಪಕ್ಕದಲ್ಲಿ ಕೈಯಿರಲಿಲ್ಲ ಅಷ್ಟೇ. ಎರಡು ವರ್ಷದ ಹಿಂದೆ ನಾನೇ ಅವನ ಮೇಲೆ ಮಣ್ಣು ಹಾಕಿದ್ದೇನೆ, ನನಗೆ ಗೊತ್ತಿಲ್ಲದ್ದೇನಿಲ್ಲ. ಸಜ್ಜಕವನ್ನು ತಾಟಿಗೆ ಬಡಿಸಿ ಮುಚ್ಚಿಟ್ಟೆ. ಸಂಜೆಯತನಕ ತಲಬಾಗಿಲು ಮಾತ್ರ ಹಾಕಲಿಲ್ಲ.