ಅವ್ವ ತಿಂದ ಬಿಸಿ ಪೂರಿ

ಗೆಳೆಯರೇ, ಇವತ್ತು ಬೆಳಿಗ್ಗೆ ಮನೆಮಂದಿಯೆಲ್ಲ ಗಜೇಂದ್ರಗಡ ಬಸ್ ಸ್ಟ್ಯಾಂಡ್ ಹತ್ತಿರದ ನಮ್ಮ ಮೆಚ್ಚಿನ ಹೋಟೆಲಿಗೆ ನಾಷ್ಟಾಕ್ಕೆ ಹೋಗಿದ್ದೆವು. ಪೂರಿ ಬಂದದ್ದೇ ತಡ, ಅವ್ವ ತನ್ನ ತಟ್ಟೆ ಬಿಟ್ಟು ಎದ್ದು, ಚಟ್ನಿ ಬಕೆಟ್ ಹಿಡಿದು ನಮಗೆ ಬಡಿಸತೊಡಗಿದಳು.

"ಕುಂದರ ಬೇ, ಮಂದಿ ನೋಡಾಕತ್ತಾರ" ಎಂದು ರೇಗಿದೆ.

"ನಿಮ್ಮದು ಮುಗೀಲಿ, ಆಮ್ಯಾಲ ತಿಂತೀನಿ" ಎಂದಳು. ಮನೆಯಲ್ಲೂ ಅವಳು ಉಣ್ಣುವುದು ಎಲ್ಲರದಾದ ಮೇಲೆಯೇ.

ಹೋಟೆಲಿನ ಮಾಲೀಕರು ಬಂದು ಬಕೆಟ್ ಇಸಿದುಕೊಂಡರು. "ಅಕ್ಕಾರ, ಇಲ್ಲಿ ಬಡಸೋದು ನಮ್ಮ ಕೆಲಸ. ನೀವು ಕುಂದರ್ರಿ" ಎಂದು, ಆರಿದ ತಟ್ಟೆ ಎತ್ತಿ, ಆಗಷ್ಟೇ ಕರಿದ ಪೂರಿ ತಂದಿಟ್ಟರು.

ಒಂದು ತುತ್ತು ತಿಂದ ಅವ್ವ ಕೇಳಿದಳು: "ಬಿಸಿ ಪೂರಿ ಇಷ್ಟು ಚಲೋ ಇರತೈತೇನ?"

ಮೂವತ್ತು ವರ್ಷದಿಂದ ನಮಗೆ ಪೂರಿ ಕರಿದು ಹಾಕಿದವಳು ಅವಳೇ. ಆರಿದ ಪೂರಿಯನ್ನು ನಾವು ಒಮ್ಮೆಯೂ ಮುಟ್ಟಿದವರಲ್ಲ.