ಅಪ್ಪನ ‘ಅಡ್ಡಿಲ್ಲ’ ಮತ್ತು ಅಂಗಡಿಯ ರಸೀದಿ

ಕಾರವಾರದ ಆ ಅಂಗಡಿಯ ರಸೀದಿ ನೆನಪಾದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಶ್ರವಣಯಂತ್ರ ಮಾರುವ, ರಿಪೇರಿ ಮಾಡುವ ಅಂಗಡಿ ಅದು. ರಿಪೇರಿಯಲ್ಲಿ ವಸ್ತು ಹಾಳಾದರೆ ತಾವು ಹೊಣೆಯಲ್ಲ ಎಂದು ರಸೀದಿಯ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಅಪ್ಪನ ಕನ್ನಡ ಸಹಿ.

ಅಪ್ಪನಿಗೆ ಕಿವಿ ಕೇಳುವುದಿಲ್ಲ ಎಂಬುದು ನಮ್ಮೂರು ಶೆಟಗೇರಿಯಲ್ಲಿ ಮನೆಯವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ಅವನು ಬಿಟ್ಟರೆ ತಾನೇ? ಗದ್ದೆಗೆ ಹೋಗಲಿ, ಮದುವೆಗೆ ಹೋಗಲಿ, ತಲೆಗೆ ಸುತ್ತಿದ ಟವೆಲಿನ ಅಂಚು ಕಿವಿಯ ಹಿಂದಿನ ಯಂತ್ರವನ್ನು ಮುಚ್ಚಿರಲೇಬೇಕು. ಯಂತ್ರ ಕೈಕೊಟ್ಟ ದಿನ ಯಾರು ಏನು ಹೇಳಿದರೂ ‘ಅಡ್ಡಿಲ್ಲ’ ಎಂದುಬಿಡುತ್ತಿದ್ದ. ನಮ್ಮ ಕಡೆ ಜ್ವರ ಹೇಗಿದೆ ಅಂದರೂ ಅಡ್ಡಿಲ್ಲ, ಇನ್ನಷ್ಟು ಸಾರು ಬಡಿಸಲೇ ಅಂದರೂ ಅಡ್ಡಿಲ್ಲ. ಹಾಗಾಗಿ ಅವನ ಉತ್ತರ ಹೆಚ್ಚಾಗಿ ಸರಿಯಾಗಿಯೇ ಕೂರುತ್ತಿತ್ತು.

ಊರಿಗೆ ಮೊಬೈಲು ಆಗಷ್ಟೇ ಬರುತ್ತಿದ್ದ ಕಾಲ. ಯಂತ್ರ ಸಿಳ್ಳೆ ಹೊಡೆಯತೊಡಗಿತು. ನನಗೆ ಕೈಗಾ ಅಣುಸ್ಥಾವರದಲ್ಲಿ ಶಿಫ್ಟು. ಅಪ್ಪ ಒಬ್ಬನೇ ಕಾರವಾರಕ್ಕೆ ಹೋಗಿ ಅದನ್ನು ರಿಪೇರಿಗೆ ಕೊಟ್ಟು ಬಂದ. ರಜೆ ಸಿಕ್ಕಾಗ ನಾನು ತರಲು ಹೋದರೆ, ಅಂಗಡಿಯವನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಚೂರುಗಳನ್ನು ಕೊಟ್ಟ.

“ಬಿಚ್ಚೂಕೆ ಹೋದಾಗ ಒಳಗಿಂದು ಸುಟ್ಟೋಯ್ತು. ಹೊಸದು ತಕಳ್ಳಿ” ಎಂದ.

“ಸುಟ್ಟದ್ದು ನೀವು. ಹೊಸದು ನಾ ಎಂತಕ್ಕೆ ತಕಳ್ಳೂದು?”

ಅವನು ರಸೀದಿ ತಿರುಗಿಸಿ ಬೆರಳಿಟ್ಟ. “ಇದನ್ನ ಕನ್ನಡದಲ್ಲೇ ಹೇಳಿದೆ. ನಿಮ್ಮಪ್ಪ ಅಡ್ಡಿಲ್ಲ ಅಂದ್ರು, ಸಹಿ ಹಾಕಿದ್ರು.”

“ಆವಾಗ ಮಿಷಿನ್ ಎಲ್ಲಿತ್ತು?”

“ಇಲ್ಲೇ, ಮೇಜಿನ ಮೇಲೆ.”

ಮನುಷ್ಯನ ಕಿವಿಯನ್ನು ಬಿಚ್ಚಿಸಿ ಮೇಜಿನ ಮೇಲಿಟ್ಟುಕೊಂಡು, ಅವನಿಗೇ ಷರತ್ತು ಓದಿ ಹೇಳಿದ್ದಾನಂತೆ. ಹೇಳುವಾಗ ಅಂಗಡಿಯವನ ಮುಖದಲ್ಲಿ ಚೂರೂ ನಾಚಿಕೆಯಿರಲಿಲ್ಲ. ನಾನು ಅಲ್ಲಿಂದ ನೇರವಾಗಿ ಗ್ರಾಹಕರ ವೇದಿಕೆ ಎಲ್ಲಿದೆ ಎಂದು ವಿಚಾರಿಸುತ್ತ ಹೋದೆ.

ಕಾರವಾರದ ವೇದಿಕೆಯಲ್ಲಿ ನಾನೇ ದೂರು ಕೊಟ್ಟೆ, ನಾನೇ ವಾದಿಸಿದೆ. ತಿಂಗಳುಗಟ್ಟಲೆ ವಾಯಿದೆ. ಅಷ್ಟು ದಿನವೂ ಅಪ್ಪ ಅಂಕೋಲೆಯ ಪೇಟೆಗೆ ಕಾಲಿಡಲಿಲ್ಲ. ಸುಂಕಸಾಳದ ಅಕ್ಕನ ಮನೆಗೆ ಕರೆದರೂ ಮೈ ಸರಿಯಿಲ್ಲ ಎಂದ. ಗುಟ್ಟು ಹೊರಬಿದ್ದರೆ ಎಂಬ ಹೆದರಿಕೆ ಅವನಿಗೆ.

ಕೊನೆಗೆ ಅವನನ್ನೇ ಕರೆಸಿದರು. “ಅಂಗಡಿಯವರು ಷರತ್ತು ಹೇಳಿದ್ದರೇ?” ಎಂದು ಅಧ್ಯಕ್ಷರು ಕೇಳಿದರು. ಅಪ್ಪ ವಿನಯದಿಂದ, “ಅಡ್ಡಿಲ್ಲ” ಎಂದ. ಅಂಗಡಿಯವನ ವಕೀಲ ಹಲ್ಲು ಬಿಟ್ಟ. ನನಗೆ ರಕ್ತ ಕುದಿಯಿತು. ಅಪ್ಪಣೆ ಕೇಳಿ, ಅದೇ ಪ್ರಶ್ನೆಯನ್ನು ಕಾಗದದ ಮೇಲೆ ದಪ್ಪಗೆ ಬರೆದು ಅಪ್ಪನ ಮುಂದೆ ಹಿಡಿದೆ.

ಅಪ್ಪ ಓದಿದ. ಬೇರೊಂದು ದೂರಿಗೆ ಬಂದಿದ್ದ ನಮ್ಮೂರಿನ ಇಬ್ಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

“ನಂಗೆ ಕೆಮಿ ಕೇಳೂದಿಲ್ಲ” ಎಂದ. ತನ್ನ ದನಿ ತನಗೇ ಕೇಳದ್ದರಿಂದ ಅದು ಹೊರಗಿನ ಜಗಲಿಯವರೆಗೂ ಹೋಯಿತು. “ಅವ್ರು ಎಂತ ಹೇಳಿದ್ರೋ ನಂಗೆ ಗೊತ್ತಿಲ್ಲ.”

ಗೆದ್ದೆವು. ಕೇಳಿಸದವನಿಗೆ ಹೇಳಿದ ಷರತ್ತು ಷರತ್ತೇ ಅಲ್ಲ, ಸ್ವಂತ ತಪ್ಪಿನಿಂದ ಹೀಗೆ ನುಣುಚಿಕೊಳ್ಳಲು ಬರುವುದಿಲ್ಲ ಎಂದು ಆದೇಶವಾಯಿತು. ಅಂಗಡಿಯವನು ಮೂಗು ಮುರಿಯುತ್ತಲೇ ಹೊಸ ಯಂತ್ರ ಕೊಟ್ಟ. ಮೊದಲಿನದಕ್ಕಿಂತ ಒಳ್ಳೆಯದು, ಪಿಸುಮಾತೂ ಕೇಳುತ್ತದೆ.

ಅದನ್ನು ಹಾಕಿಕೊಂಡು ಅಪ್ಪ ಮೊದಲ ಸಲ ಚಹಾದಂಗಡಿಗೆ ಹೊರಟಾಗ ನಾನೂ ಜೊತೆಗಿದ್ದೆ. ಒಳಗಿನಿಂದ ಯಾರೋ ಮೆತ್ತಗೆ, “ಕೆಪ್ಪ ಬಂದ ನೋಡು” ಅಂದರು. ಅಪ್ಪ ಬಾಗಿಲಲ್ಲೇ ನಿಂತ. ಆಮೇಲೆ ಚಹಾ ಕುಡಿಯದೆ ಮನೆಯ ಕಡೆ ತಿರುಗಿದ.