ವಿನೋದಾಳ ಹಠ, ಮುಕ್ತಾಳ ಸೀಟು

ತೀರಿಕೊಂಡ ಮೇಲೆ ವಿನೋದಾಳನ್ನು ಯಾರೂ ಹಠಮಾರಿ ಎನ್ನುವುದಿಲ್ಲ. ತತ್ತ್ವನಿಷ್ಠೆ ಎನ್ನುತ್ತಾರೆ. ಕನ್ನಡ ಸಂಘದ ಸಂತಾಪ ಸಭೆಯಲ್ಲಿ ಈ ಮಾತು ಹೇಳಿದವರೆಲ್ಲ ಕಳೆದ ವರ್ಷ ಅವಳು ಎದುರು ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದವರು.

ಉಡುಪಿ ಕಡೆಯವಳು, ಮದುವೆಯಾಗಿ ಮಹಾರಾಷ್ಟ್ರದ ಘಣಸೋಲಿಗೆ ಬಂದಳು. ಗಂಡ ಜಯಶೀಲನಿಗೆ ಮಹಾಪೆಯಲ್ಲಿ ಕ್ಯಾಂಟೀನು. ಅವಳು ಕೋಪರಖೈರಣೆಯ ಕನ್ನಡ ಶಾಲೆಯಲ್ಲಿ ಟೀಚರ್, ಆಮೇಲೆ ಹೆಡ್‌ಮಿಸ್ಟ್ರೆಸ್. ನಾನೂ ಅಲ್ಲೇ ಕಲಿಸುತ್ತಿದ್ದೆ. ನಾವು ಸೇರಿದ ಹೊಸದರಲ್ಲಿ ಹೊಟೇಲಿನವರ ಮಕ್ಕಳು ಬರುತ್ತಿದ್ದರು. ಅವರೆಲ್ಲ ಇಂಗ್ಲಿಷ್ ಮೀಡಿಯಮ್ಮಿಗೆ ಹೋದರು. ಯಾದಗಿರಿ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಆ ಬೆಂಚುಗಳಲ್ಲಿ ಕೂತರು. ಶಾಲೆ ಬಾಗಿಲು ಹಾಕದೆ ಉಳಿದದ್ದು ಅವರಿಂದ.

ಒಂದನೆಯ ತರಗತಿಗೆ ಸೇರಿಸಿಕೊಳ್ಳುವಾಗ ವಿನೋದಾ, "ಮನೆಯಲ್ಲಿ ಏನು ಮಾತಾಡ್ತೀರಿ?" ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು. ನಾವಾದರೆ ಕೇಳದೆಯೇ ಮಾತೃಭಾಷೆ ಕನ್ನಡ ಎಂದು ಬರೆದುಬಿಡುತ್ತಿದ್ದೆವು. ಗಾರೆ ಕೆಲಸದ ಚಂದ್ರಬಾಯಿ ಮಗಳು ಮುಕ್ತಾಳನ್ನು ಕರೆತಂದು, "ಲಂಬಾಣಿ ಮಾತಾಡ್ತೀವ್ರಿ" ಎಂದಾಗ ವಿನೋದಾ ಹಾಗೆಯೇ ಬರೆದಳು. ಅವರ ಭಾಷೆಗೂ ಒಂದು ಕಡೆ ಹೆಸರಿರಲಿ ಎನ್ನುವುದು ಅವಳ ಆಸೆ.

ಹೋದ ವರ್ಷ ಮುಕ್ತಾ ಹತ್ತನೆಯಲ್ಲಿ ಶೇಕಡಾ ಎಂಬತ್ತೆಂಟು ತೆಗೆದಳು. ಅವಳಿಗೆ ಸೈನ್ಸ್ ಬೇಕಿತ್ತು. ಕನ್ನಡ ಸಂಘದವರು ನಡೆಸುವ, ಸರ್ಕಾರದ ಅನುದಾನದ ಜೂನಿಯರ್ ಕಾಲೇಜು ಹತ್ತಿರದಲ್ಲೇ ಇದೆ. ಫೀಸು ಕಡಿಮೆ, ಪೈಪೋಟಿ ಹೆಚ್ಚು. ಎಲ್ಲರಿಗೂ ತೆರೆದ ಸೀಟು ತೊಂಬತ್ತಮೂರಕ್ಕೆ ಮುಗಿದಿತ್ತು. ಊರಿನ ಜಾತಿ ಸರ್ಟಿಫಿಕೇಟು ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲ. ಉಳಿದದ್ದು ಭಾಷಾ ಅಲ್ಪಸಂಖ್ಯಾತ ಕನ್ನಡಿಗರಿಗೆ ಮೀಸಲಾದ ಅರ್ಧದಷ್ಟು ಸೀಟು. ಅಲ್ಲಿ ಎಪ್ಪತ್ತಕ್ಕೂ ಜಾಗವಿತ್ತು.

ವಿನೋದಾ, ಮುಕ್ತಾ, ನಾನು ಮೂವರೂ ಸಂಘದ ಆಫೀಸಿಗೆ ಹೋದೆವು. ಸಂಘದ ಅಧ್ಯಕ್ಷರು ಯಜ್ಞೇಶ್ವರ, ಹೊಟೇಲಿನವರು. ಶಾಲೆಯ ಸರ್ಟಿಫಿಕೇಟು ನೋಡಿ ಕನ್ನಡಕ ತೆಗೆದರು.

"ಲಂಬಾಣಿ ಅಂತ ಉಂಟಲ್ಲ ಟೀಚರೇ. ಇದು ಕನ್ನಡಿಗರ ಕೋಟಾ."

"ಹತ್ತು ವರ್ಷ ಕನ್ನಡದಲ್ಲೇ ಓದಿದ್ದಾಳೆ. ನಿಮ್ಮ ಮೊಮ್ಮಗ ಸಮಿತ್‌ಗೆ ಸೀಟು ಕೊಟ್ಟಿರಲ್ಲ, ಮನೆಯಲ್ಲಿ ಅವನೆಂತ ಮಾತಾಡ್ತಾನೆ?" ಎಂದಳು ವಿನೋದಾ.

"ತುಳು. ಆದರೆ ನಾವು ಬರೆಸುವುದು ಕನ್ನಡ ಅಂತಲೇ ಅಲ್ವಾ? ನಿಮ್ಮ ಮಗಳು ಅಶ್ಮಿತಾಳದ್ದೂ ಹಾಗೇ ಬರೆಸಿದ್ದಲ್ಲವಾ? ಇದೇ ಕೋಟಾದಲ್ಲಿ ಇಲ್ಲೇ ಓದಿದ್ದು ಮರೆತುಹೋಯ್ತಾ?"

ಪಕ್ಕದಲ್ಲಿದ್ದವರು ನಕ್ಕರು. ಅಷ್ಟರಲ್ಲಿ ಸಮಿತ್ ಬಾಗಿಲಲ್ಲಿ ಇಣುಕಿ, "ಅಜ್ಜ, ಹೋ ಗಯಾ ಕ್ಯಾ? ಲೇಟ್ ಹೋ ರಹಾ ಹೈ" ಎಂದು ಹಿಂದಿಯಲ್ಲಿ ಅವಸರ ಮಾಡಿದ. ಆ ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಕನ್ನಡದ ಬೋರ್ಡು ಓದಲು ಯಾರೂ ಕಲಿಸಲಿಲ್ಲ, ಅಷ್ಟೇ.

ಯಜ್ಞೇಶ್ವರರು ಕೆಟ್ಟವರಲ್ಲ. ದನಿ ತಗ್ಗಿಸಿ ಹೇಳಿದರು: "ಈ ಹುಡುಗಿ ಮೇಲೆ ನನಗೆಂತ ಸಿಟ್ಟು ಮಾರಾಯ್ರೆ? ಮಾತೃಭಾಷೆ ಕನ್ನಡ ಅಂತ ನೀವೇ ಒಂದು ಬೊನಾಫೈಡ್ ಸರ್ಟಿಫಿಕೇಟು ಬರೆದು ಕೊಡಿ. ಇವತ್ತೇ ಸೀಟು ಕೊಡ್ತೇನೆ."

ಮುಕ್ತಾ ವಿನೋದಾಳ ಮುಖ ನೋಡಿದಳು. ನಾನೂ ನೋಡಿದೆ.

"ನಿಮ್ಮ ಹುಡುಗ ತುಳು ಇಟ್ಟುಕೊಂಡೇ ಒಳಗೆ ಬರಬಹುದು, ನನ್ನ ಮಗಳೂ ಬಂದಳು. ಇವಳು ಮಾತ್ರ ತನ್ನ ಮಾತು ಹೊರಗೆ ಬಿಟ್ಟು ಬರಬೇಕಾ? ಇದ್ದದ್ದು ಇದ್ದ ಹಾಗೇ ಸೀಟು ಕೊಡಿ. ಇಲ್ಲ ಎನ್ನುವುದಾದರೆ ಹಾಗಂತ ಬರೆದು ಕೊಡಿ."

ಅವರು ಏನನ್ನೂ ಬರೆದು ಕೊಡಲಿಲ್ಲ. ವಿನೋದಾ ಶಿಕ್ಷಣ ಇಲಾಖೆಗೆ ದೂರು ಕೊಟ್ಟಳು. ಜಯಶೀಲ ಬೇಡಿಕೊಂಡ, "ಒಂದು ಚೀಟಿ ಬರೆದರೆ ಬ್ರಹ್ಮಹತ್ಯೆ ಬರ್ತದಾ ಮಾರಾಯ್ತಿ?" ಅವಳು ಕೇಳಲಿಲ್ಲ. ಪ್ರವೇಶದ ಎರಡನೆಯ ಸುತ್ತಿನಲ್ಲಿ ಮುಕ್ತಾಳಿಗೆ ಕೋಪರಖೈರಣೆಯಲ್ಲೇ ಬೇರೊಂದು ಸಾಧಾರಣ ಕಾಲೇಜಿನ ಸೈನ್ಸ್ ಸೀಟು ಬಂತು. "ತೆಗೆದುಕೊಳ್ಳಬೇಡ. ಸಂಘದ ಕಾಲೇಜಿನ ಸೀಟು ನಿನ್ನದು, ತಂದುಕೊಡುತ್ತೇನೆ" ಎಂದಳು ವಿನೋದಾ. ಟೀಚರನ್ನು ನಂಬಿ ಮುಕ್ತಾ ಬಂದ ಸೀಟು ಬಿಟ್ಟಳು.

ಇಲಾಖೆಯವರು ಅದು ಸಂಸ್ಥೆಯ ಅಧಿಕಾರ ಎಂದರು. ಸಂಸ್ಥೆಯವರು ಇಲಾಖೆಯ ನಿಯಮ ಎಂದರು. ಅಷ್ಟು ಹೊತ್ತಿಗೆ ಸುತ್ತುಗಳೆಲ್ಲ ಮುಗಿದಿದ್ದವು. ಸೈನ್ಸ್ ಉಳಿದದ್ದು ಕಲ್ಯಾಣದಿಂದಲೂ ಆಚೆ ಎಲ್ಲೋ. ಅಷ್ಟು ದೂರ ಹುಡುಗಿಯನ್ನು ಒಬ್ಬಳೇ ಟ್ರೇನಿನಲ್ಲಿ ಕಳಿಸುವುದಿಲ್ಲ ಎಂದಳು ಚಂದ್ರಬಾಯಿ. ದೀಪಾವಳಿ ಹೊತ್ತಿಗೆ ಮುಕ್ತಾ ವಯಸ್ಸು ಹೆಚ್ಚು ಹೇಳಿ ಮಹಾಪೆಯ ಒಂದು ಪ್ಯಾಕಿಂಗ್ ಕಂಪನಿ ಸೇರಿದಳು.

ಅದಾದ ಮೇಲೆ ವಿನೋದಾ ನನ್ನೊಡನೆ ಅದರ ಬಗ್ಗೆ ಮಾತಾಡಿದ್ದು ಒಮ್ಮೆ ಮಾತ್ರ. "ನಾನು ಹೇಳಿದ್ದರಲ್ಲಿ ತಪ್ಪೆಲ್ಲಿದೆ, ಹೇಳು" ಎಂದಳು. ತಪ್ಪಿಲ್ಲ ಎಂದೆ. "ಮತ್ತೆ ಅವಳ್ಯಾಕೆ ಅಲ್ಲಿದ್ದಾಳೆ?" ಎಂದಳು. ಫೆಬ್ರವರಿಯಲ್ಲಿ ಸ್ಟಾಫ್ ರೂಮಿನಲ್ಲೇ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವತ್ತು ವರ್ಷಗಳಿಂದ ಗೆಳತಿ. ನನಗೆ ಇನ್ನೂ ಅವಳ ಮೇಲೆ ಸಿಟ್ಟಿದೆ, ಆ ಸಿಟ್ಟನ್ನು ಹೇಳಿಕೊಳ್ಳಲು ಅವಳಿಲ್ಲ.

ವಿನೋದಾಳ ಉತ್ತರಕ್ರಿಯೆ, ಬೊಜ್ಜದ ದಿನ ಚಂದ್ರಬಾಯಿ ಬಂದಳು. ಊಟ ಬೇಡವೆಂದು ಬಾಗಿಲ ಹತ್ತಿರವೇ ನಿಂತಳು. ನಾನು ಹೊರಗೆ ಹೋಗಿ, ಕೇಳದಿದ್ದರೂ, "ವಿನೋದಾ ಹೇಳಿದ್ದು ನ್ಯಾಯವೇ ಆಗಿತ್ತು" ಎಂದೆ.

"ಇರಬೇಕ್ರಿ. ನಮ್ಮ ಮಾತಿಗೆ ಅಷ್ಟು ಮರ್ಯಾದಿ ಯಾರೂ ಕೊಟ್ಟಿದ್ದಿಲ್ಲ" ಎಂದಳು ಚಂದ್ರಬಾಯಿ. ಚಪ್ಪಲಿ ಮೆಟ್ಟಿಕೊಂಡಳು. "ಖರೇ ಹೇಳ್ತೀನ್ರಿ ಬಾಯಿ, ಸುಳ್ಳು ಬರದು ಸೇರಿಸಿದ್ರ ನನಗ ಛಲೋ ಆಗ್ತಿತ್ತು."